ನಂಬರಿಲ್ಲದ ಗೊಂಬೆಯ ವಯಸ್ಸು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡಿಗಿಂತ ಮೊದಲು ಕಿವಿಗೆ ಬೀಳುವುದು ನಂಬರು. ರೈತ ತಂದ ಗೂಡನ್ನು ಸುರಿದ ಕೂಡಲೇ ಅದಕ್ಕೊಂದು ಲಾಟ್ ನಂಬರ್ ಸಿಗುತ್ತದೆ. ಹರಾಜು, ತೂಕ, ದುಡ್ಡು ಎಲ್ಲವೂ ಅದರ ಹಿಂದೆಯೇ ಓಡುತ್ತವೆ. ಮುಂದೆ ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮಗ್ಗದಿಂದ ಮೈಸೂರು ಸಿಲ್ಕ್ ಸೀರೆಯಾಗಿ ಇಳಿದಾಗಲೂ ಒಂದೊಂದು ಸೀರೆಗೆ ಒಂದೊಂದು ಸಂಖ್ಯೆ, ಜೊತೆಗೆ ಹಾಲೋಗ್ರಾಂ. ಈ ಜಿಲ್ಲೆಯ ರೇಷ್ಮೆಗೆ ಹುಟ್ಟಿದಂದಿನಿಂದಲೂ ಲೆಕ್ಕ ಉಂಟು.

ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ಮೈಸೂರು ಕಡೆಗೆ ಹೋದರೆ ಚನ್ನಪಟ್ಟಣ. ಅಲ್ಲಿ ಕಡೆದ ಗೊಂಬೆ, ಬುಗುರಿ, ಗಿಲಕಿ, ಕುಂಕುಮದ ಭರಣಿಗಳನ್ನು ಹೇಗೆ ತಿರುಗಿಸಿ ನೋಡಿದರೂ ಅಕ್ಷರವಿಲ್ಲ, ಅಂಕಿಯಿಲ್ಲ, ಮಾಡಿದವನ ಹೆಸರಂತೂ ಇಲ್ಲವೇ ಇಲ್ಲ. ನವರಾತ್ರಿಯಲ್ಲಿ ಅಟ್ಟದ ಪೆಟ್ಟಿಗೆ ಇಳಿಸಿ ಗೊಂಬೆ ಕೂರಿಸುವ ಮನೆಗಳಲ್ಲಿ ವರ್ಷವೂ ಏಳುವ ಪ್ರಶ್ನೆ ಇದು: ಈ ಕುದುರೆ ಅಜ್ಜಿ ಕಾಲದ್ದೋ, ಅಮ್ಮ ಮದುವೆಯಾದ ಮೇಲೆ ಕೊಂಡದ್ದೋ?

ಹಳೆಯ ಸಾಮಾನು ಕೂಡಿಡುವ ಹವ್ಯಾಸಿಗಳಿಗೆ ಇಂಥ ಪ್ರಶ್ನೆ ಹೊಸದಲ್ಲ. ಅಮೆರಿಕದ ಷಿಕಾಗೋದಲ್ಲಿ ತಯಾರಾದ ಹಳೆಯ ಪಿನ್‌ಬಾಲ್ ಯಂತ್ರಗಳ ಬೆನ್ನು ಹತ್ತಿದವರು ಮರದ ಪೆಟ್ಟಿಗೆಗೆ ಒತ್ತಿದ ಕ್ರಮಸಂಖ್ಯೆಯನ್ನು ಹುಡುಕಿ, ಯಾವ ತಂಡದಲ್ಲಿ ಯಾವ ಭಾಗ ಬದಲಾಯಿತು ಎಂದು ಪಟ್ಟಿ ಮಾಡುತ್ತಾರೆ. 1947ರಲ್ಲಿ ಗಾಟ್ಲೀಬ್ ಕಂಪನಿ ಹಂಪ್ಟಿ ಡಂಪ್ಟಿ ಎಂಬ ಯಂತ್ರಕ್ಕೆ ಮೊದಲ ಸಲ, ಚೆಂಡನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರ್ ಜೋಡಿಸಿತು. ಹಾಗಾಗಿ ಫ್ಲಿಪ್ಪರ್ ಇಲ್ಲದ ಯಂತ್ರ ಸಾಮಾನ್ಯವಾಗಿ ಅದಕ್ಕೂ ಹಿಂದಿನದು. ನಮ್ಮಲ್ಲಿ ಎಚ್‌ಎಂಟಿ ವಾಚುಗಳ ಹಿಂದೆ ಬಿದ್ದವರೂ ಇದೇ ದಾರಿಯವರು: ಹಿಂಬದಿಯ ಮುಚ್ಚಳ ನೋಡು, ಡಯಲ್ಲಿನ ಬರಹ ನೋಡು, ಒಳಗಿನ ಯಂತ್ರ ನೋಡು, ಮೂರೂ ಹೊಂದುತ್ತವೆಯೇ ಲೆಕ್ಕ ಹಾಕು. ಚನ್ನಪಟ್ಟಣದ ಗೊಂಬೆಗೂ ಈ ಕ್ರಮ ಒಗ್ಗುತ್ತದೆ. ಅಂಕಿಯಿಲ್ಲದ ಕಡೆ ಮರ, ಲೇತ್, ಅರಗು, ಬಣ್ಣ ಇವೇ ಸಾಕ್ಷಿ. ಆ ಸಾಕ್ಷಿ ಅರ್ಥವಾಗಬೇಕಾದರೆ ಗೊಂಬೆ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿರಬೇಕು.

ಈ ಕಸುಬು ಟಿಪ್ಪು ಸುಲ್ತಾನ್ ಕರೆಸಿದ ಪರ್ಷಿಯಾದ ಕುಶಲಕರ್ಮಿಗಳಿಂದ ಬಂತೆಂಬುದು ಊರಿನ ಮಾತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಅವರು ಜಪಾನಿನ ಆಟಿಕೆ ತಯಾರಿಕೆಯ ಕ್ರಮಗಳನ್ನು ಅರಿತು ಇಲ್ಲಿಯವರಿಗೆ ಹೇಳಿಕೊಟ್ಟರೆಂದು ಅವರನ್ನು ಚನ್ನಪಟ್ಟಣದ ಗೊಂಬೆಯ ಪಿತಾಮಹ ಎನ್ನುತ್ತಾರೆ. ಟಿಪ್ಪು ಕಾಲದ್ದು ಎಂದು ಹೇಳಿ ಮಾರುವ ಗೊಂಬೆಯನ್ನು ಮಾತ್ರ ನಾನು ಕೈಯಲ್ಲಿ ಹಿಡಿದೂ ನೋಡುವುದಿಲ್ಲ.

ಮರದಿಂದ ಶುರುಮಾಡೋಣ. ಇಲ್ಲಿಯ ಸಾಂಪ್ರದಾಯಿಕ ಮರ ಆಲೆ. ಹಾಲೆ ಎನ್ನುವವರೂ ಇದ್ದಾರೆ. ಮಾಗಡಿ, ಕನಕಪುರದ ಕಡೆಯ ಕುರುಚಲು ಕಾಡಿನಂಥ ಒಣನೆಲದಲ್ಲಿ ಬೆಳೆಯುವ ಚಿಕ್ಕ ಮರ ಇದು. ಎಲೆ ಕಿತ್ತರೆ ಹಾಲು ಸುರಿಯುತ್ತದೆ. ಕಾಯಿಗಳು ಜೋಡಿಜೋಡಿಯಾಗಿ, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ತೂಗುತ್ತವೆ. ದಿಮ್ಮಿ ದಪ್ಪವಾಗುವುದಿಲ್ಲ, ಅದರಿಂದಲೇ ಸಾಂಪ್ರದಾಯಿಕ ಸಾಮಾನುಗಳು ಅಂಗೈಗೆ ಸಿಗುವಷ್ಟೇ ದೊಡ್ಡವು. ಮರ ದಂತದಂತೆ ಬಿಳುಪು, ಎಳೆ ನಯ, ತೂಕ ಕಡಿಮೆ. ಕಡಿದು ಎರಡು ಮೂರು ತಿಂಗಳು ಒಣಗಿಸಿದ ಮೇಲೆಯೇ ಲೇತಿಗೆ ಏರುತ್ತದೆ. ಈಗ ರಬ್ಬರ್ ಮರ, ತೇಗದಂಥವೂ ಬಳಕೆಯಲ್ಲಿವೆ. ಹಾಗಾಗಿ ಮೊದಲ ಪರೀಕ್ಷೆ ಸುಲಭ: ಗೊಂಬೆಯನ್ನು ಬುಡಮೇಲು ಮಾಡಿ, ಬಣ್ಣ ತಾಗದ ಅಡಿಯನ್ನು ನೋಡಬೇಕು. ರಬ್ಬರ್ ಮರದಲ್ಲಿ ಸಣ್ಣ ಸಣ್ಣ ಗೀರಿನಂಥ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. ಆಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹೊಸ ಆಲೆ ಬೆಳ್ಳಗಿದ್ದರೆ, ದಶಕಗಳಷ್ಟು ಗಾಳಿ ಕುಡಿದದ್ದು ಜೇನುಬಣ್ಣಕ್ಕೆ ತಿರುಗಿರುತ್ತದೆ.

ಅಡಿಯಲ್ಲೇ ಇನ್ನೊಂದು ಗುರುತು ಸಿಗುತ್ತದೆ. ವಿದ್ಯುತ್ ಬರುವ ಮೊದಲು ಬಿಲ್ಲಿನ ಲೇತ್ ಇತ್ತು. ಮರದ ತುಂಡನ್ನು ಎರಡು ಕಬ್ಬಿಣದ ಮೊನೆಗಳ ನಡುವೆ ಸಿಕ್ಕಿಸಿ, ಹಗ್ಗ ಸುತ್ತಿ, ಬಿಲ್ಲಿನಿಂದ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದರು. ತುಂಡು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತದೆ. ಉಳಿ ಕೊಯ್ಯುವುದು ಒಂದೇ ದಿಕ್ಕಿನಲ್ಲಿ. ವಾಪಸ್ ತಿರುಗುವಾಗ ಕೈ ಸಡಿಲಿಸಬೇಕು, ಮತ್ತೆ ಒತ್ತಬೇಕು. ಹೀಗೆ ಹಿಡಿದ ತುಂಡಿನ ಎರಡೂ ತುದಿಯಲ್ಲಿ ಮೊನೆ ನಾಟಿದ ಸಣ್ಣ ಗುಳಿ ಬೀಳುತ್ತದೆ. ವಿದ್ಯುತ್ ಲೇತಿನ ಕೆಲಸವೇ ಬೇರೆ. ತುಂಡಿನ ಒಂದು ತುದಿಯನ್ನು ಟೊಳ್ಳು ಚಕ್ಕಿಗೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ, ಇನ್ನೊಂದು ತುದಿ ಖಾಲಿ. ರೂಪ ಕೊಟ್ಟು, ಅರಗು ಹಚ್ಚಿ, ಹೊಳಪು ತಂದು, ಕೊನೆಗೆ ಉಳಿಯ ಮೂತಿಯಿಂದ ಕುತ್ತಿಗೆ ಕೊಯ್ದು ಬಿಡಿಸಿದರೆ ಅಡಿಯಲ್ಲಿ ವೃತ್ತವೃತ್ತವಾದ ಗೀರು, ನಡುವೆ ಪುಟ್ಟ ಮೊಟ್ಟು. ಒಳ್ಳೆಯ ಕೆಲಸಗಾರ ಆ ಮೊಟ್ಟನ್ನೂ ಉಜ್ಜಿ ತೆಗೆಯುತ್ತಾನೆ. ದಿನಕ್ಕೆ ಇಂತಿಷ್ಟು ತುಂಡು ಎಂದು ಲೆಕ್ಕ ಕೊಡಬೇಕಾದವನು ಹಾಗೇ ಬಿಟ್ಟಿರುತ್ತಾನೆ. ಅವನ ಮೇಲೆ ನನಗೆ ಕೋಪವಿಲ್ಲ. ಗೊಂಬೆಯ ಕಥೆ ಹೇಳುವುದು ಆ ಬಿಟ್ಟುಹೋದ ಮೊಟ್ಟೇ.

ಇನ್ನು ಅರಗು. ಇಡೀ ಕಸುಬಿನ ಜೀವ ಇದರಲ್ಲಿದೆ. ಮುತ್ತುಗ, ಎಲಚಿಯಂಥ ಮರಗಳ ಕೊಂಬೆಯಲ್ಲಿ ಗುಂಪುಗುಂಪಾಗಿ ಕೂರುವ ಪುಟ್ಟ ಕೀಟ ತನ್ನ ಸುತ್ತ ಕಟ್ಟಿಕೊಳ್ಳುವ ಗೋಂದು ಇದು. ದೇಶದಲ್ಲಿ ಅರಗಿಗೆ ಹೆಸರಾದದ್ದು ಜಾರ್ಖಂಡ್. 1924ರಲ್ಲೇ ರಾಂಚಿಯ ಬಳಿ ಇದಕ್ಕೆಂದೇ ಸಂಶೋಧನಾ ಸಂಸ್ಥೆ ಶುರುವಾಯಿತು. ಚನ್ನಪಟ್ಟಣದಲ್ಲಿ ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಬಣ್ಣ ಸೇರಿಸಿ, ಬೆಲ್ಲದ ಪಾಕ ಎಳೆದಂತೆ ಮತ್ತೆ ಮತ್ತೆ ಎಳೆದು ಮಡಚುತ್ತಾರೆ. ಬಣ್ಣ ಎಲ್ಲ ಕಡೆಗೂ ಸಮವಾಗಿ ಹರಡಿದ ಮೇಲೆ ಕಡ್ಡಿ ಮಾಡಿ ಆರಲು ಬಿಡುತ್ತಾರೆ.

ಲೇತ್ ತಿರುಗುತ್ತಿರುವಾಗಲೇ ಆ ಕಡ್ಡಿಯನ್ನು ಮರಕ್ಕೆ ಒತ್ತುವುದು. ಕುಂಚವಿಲ್ಲ, ಒಲೆಯಿಲ್ಲ. ಅರಗು ಸುಮಾರು 75 ಡಿಗ್ರಿಗೆ ಕರಗುತ್ತದೆ, ಆ ಬಿಸಿ ಹುಟ್ಟುವುದು ಮರ ಮತ್ತು ಕಡ್ಡಿಯ ತಿಕ್ಕಾಟದಿಂದ. ಒತ್ತು ಕಡಿಮೆಯಾದರೆ ಬಣ್ಣ ಹಿಡಿಯುವುದಿಲ್ಲ, ಹೆಚ್ಚಾದರೆ ಗಂಟುಗಂಟಾಗಿ ನಿಲ್ಲುತ್ತದೆ. ಹಿಡಿದ ಬಣ್ಣವನ್ನು ಹದಕ್ಕೆ ತರುವುದು ಕೇದಗೆಯ ಗರಿ. ಮುಳ್ಳು ತೆಗೆದ ಗರಿಯನ್ನು ಮಡಚಿ ತಿರುಗುವ ಗೊಂಬೆಗೆ ಒತ್ತಿ ಹಿಡಿದರೆ ಅರಗು ಮತ್ತೊಮ್ಮೆ ಕರಗಿ, ಮರದ ಮೈಯಲ್ಲಿ ತೆಳ್ಳಗೆ ಹರಡಿ, ಗಾಜಿನ ಹೊಳಪು ಬರುತ್ತದೆ. ಈ ಕೆಲಸವನ್ನು ಎಷ್ಟು ಹೊತ್ತು ನೋಡಿದರೂ ಬೇಸರ ಬರುವುದಿಲ್ಲ. ಮಂಕಾದ ಹಳದಿ ಪಟ್ಟಿ ಕಣ್ಣೆದುರೇ ಮಿಂಚಲು ಶುರುವಾಗುತ್ತದೆ.

ಹೀಗೆ ಮಾಡಿದ ಕೆಲಸದ ಗುರುತು ಮುಚ್ಚಿಡಲು ಬರುವಂಥದ್ದಲ್ಲ. ಅರಗು ಹತ್ತಬೇಕಾದರೆ ಮರ ತಿರುಗುತ್ತಿರಲೇಬೇಕು. ಆದ್ದರಿಂದ ಅರಗಿನ ಬಣ್ಣ ದುಂಡಗಿನ ಮೈಮೇಲೆ, ಬಳೆಬಳೆಯಾಗಿ ಮಾತ್ರ ಇರಲು ಸಾಧ್ಯ. ಚನ್ನಪಟ್ಟಣದ ಪುಟ್ಟ ರೈಲನ್ನು ಕೈಗೆ ತೆಗೆದುಕೊಳ್ಳಿ. ಹೊಗೆಕೊಳವೆ, ಬಾಯ್ಲರ್, ಚಕ್ರ ಇವೆಲ್ಲ ಅರಗು. ಅವನ್ನು ಹೊತ್ತ ಚಪ್ಪಟೆ ಹಲಗೆ ಬರಿಯ ಮರವಾಗಿರಬೇಕು, ಇಲ್ಲವೇ ಕುಂಚದಿಂದ ಬಳಿದ ಬಣ್ಣವಾಗಿರಬೇಕು. ಗೊಂಬೆಯ ಕಣ್ಣು, ಮೂಗು, ಮೀಸೆಯೂ ಕುಂಚದವೇ. ಎರಡು ಬಣ್ಣ ಸೇರುವ ಜಾಗದಲ್ಲಿ ಉಳಿಯಿಂದ ತೆಗೆದ ಸಣ್ಣ ಗೆರೆ ಇರುತ್ತದೆ, ಒಂದರ ಅಂಚು ಇನ್ನೊಂದರ ಮೇಲೆ ಹರಿಯದಿರಲೆಂದು. ದುಂಡಗಿನ ಮೈಮೇಲೂ ಕುಂಚದ ಎಳೆ ಕಂಡರೆ, ಬಣ್ಣ ಸೋರಿ ಹನಿಗಟ್ಟಿದ್ದರೆ, ಅದು ಪೇಂಟು. ಆಮೇಲೆ ಯಾರೋ ಬಳಿದಿರಬಹುದು, ಅಥವಾ ಮೊದಲಿಂದಲೂ ನಕಲಿಯೇ ಇರಬಹುದು. ಅನುಮಾನ ಉಳಿದರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಕಾಣದ ಮೂಲೆಯಲ್ಲಿ ತಾಗಿಸಿ: ಅರಗು ಸ್ಪಿರಿಟ್‌ಗೆ ಕರಗಿ ಹತ್ತಿಗೆ ಬಣ್ಣ ಅಂಟುತ್ತದೆ, ಎನಾಮಲ್ ಪೇಂಟು ಜಗ್ಗುವುದಿಲ್ಲ. ಸಾಸಿವೆಯಷ್ಟು ಜಾಗ ಸಾಕು. ಹೊಳಪು ಬರಲಿ ಎಂದು ಇಡೀ ಗೊಂಬೆಗೆ ಸ್ಪಿರಿಟ್ ಒರೆಸಿದರೆ ಮತ್ತೆ ಅದನ್ನು ನೋಡುವ ಹಾಗಿರುವುದಿಲ್ಲ.

ಬಣ್ಣದಿಂದ ಕಾಲ ಹೇಳುವುದು ಸ್ವಲ್ಪ ತೊಡಕಿನ ಕೆಲಸ. ಹಳೆಯ ಗೊಂಬೆಗಳು ಕೆಂಪು, ಹಳದಿ, ಹಸಿರೆಂದರೆ ಹೊಡೆದು ಹೇಳುವಂಥವು. 2007ರಲ್ಲಿ ಮ್ಯಾಟೆಲ್ ಕಂಪನಿ ಚೀನಾದಲ್ಲಿ ಮಾಡಿಸಿದ್ದ ಆಟಿಕೆಗಳನ್ನು ಸೀಸದ ಬಣ್ಣದ ಕಾರಣಕ್ಕೆ ವಾಪಸ್ ತರಿಸಿಕೊಂಡ ಮೇಲೆ ಜಗತ್ತಿನ ಆಟಿಕೆ ಕೊಳ್ಳುವವರೆಲ್ಲ ಬಣ್ಣದ ಬಗ್ಗೆ ಕೇಳತೊಡಗಿದರು. ಚನ್ನಪಟ್ಟಣದ ಹೊರದೇಶದ ವ್ಯಾಪಾರದಲ್ಲಿ ಅರಿಶಿನ, ನೀಲಿಗಿಡ, ಮಂಜಿಷ್ಠದಂಥ ಗಿಡಮೂಲಿಕೆಯ ಬಣ್ಣಗಳಿಗೆ ಬೆಲೆ ಬಂತು. ಇವು ತಣ್ಣನೆಯ ಬಣ್ಣಗಳು. ಒಂದರ ಪಕ್ಕ ಒಂದಿಟ್ಟರೆ ಗಲಾಟೆ ಮಾಡುವುದಿಲ್ಲ. ಅರಿಶಿನದ ಹಳದಿ ಮಾತ್ರ ಬಿಸಿಲಿಗೆ ಸೋಲುತ್ತದೆ. ಕಿಟಕಿಯ ಬದಿಗಿಟ್ಟ ಗೊಂಬೆಯ ಒಂದು ಪಕ್ಕ ಪೇಲವವಾಗಿ, ಗೋಡೆಯ ಕಡೆಯ ಪಕ್ಕ ಗಾಢವಾಗಿದ್ದರೆ ಅಲ್ಲಿ ಅರಿಶಿನವಿರಬಹುದೆಂದು ಊಹಿಸಬಹುದು. ಹಾಗಾಗಿ ಮಾಸಿದ ಬಣ್ಣ ಎಂದಾಕ್ಷಣ ಹಳೆಯದು ಎನ್ನಬೇಡಿ, ಕಳೆದ ದಶಕದ್ದೂ ಆಗಿರಬಹುದು.

ಬಣ್ಣಕ್ಕಿಂತ ನಂಬಿಕಸ್ಥ ಸಾಕ್ಷಿ ಭರಣಿಯ ಬಾಯಿ. ಮರ ಒಣಗುತ್ತಾ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ, ಬೆಳವಣಿಗೆಯ ಉಂಗುರಗಳ ದಿಕ್ಕಿನಲ್ಲಿ ಹೆಚ್ಚು, ಅಡ್ಡಕ್ಕೆ ಕಡಿಮೆ. ಲೇತಿನಿಂದ ಇಳಿದಾಗ ಅಚ್ಚುಕಟ್ಟಾಗಿ ದುಂಡಗಿದ್ದ ಬಾಯಿ ವರ್ಷಗಳು ಕಳೆದಂತೆ ಕೂದಲೆಳೆಯಷ್ಟು ಅಂಡಾಕಾರಕ್ಕೆ ತಿರುಗುತ್ತದೆ. ಮುಚ್ಚಳವನ್ನು ಮೆಲ್ಲಗೆ ಸುತ್ತಿಸಿ ನೋಡಿ. ಒಂದು ನಿಲುವಿನಲ್ಲಿ ಸಲೀಸಾಗಿ ಕೂರುತ್ತದೆ, ಕಾಲುಸುತ್ತು ತಿರುಗಿಸಿದರೆ ಬಿಗಿಯುತ್ತದೆ. ಅಳತೆಪಟ್ಟಿ ಹಿಡಿದವರಿಗೆ ಎರಡು ದಿಕ್ಕಿನ ಅಗಲದಲ್ಲಿ ವ್ಯತ್ಯಾಸ ಸಿಗುತ್ತದೆ. ಸರಿಯಾಗಿ ಒಣಗಿಸದ ಮರ ಒಂದೇ ಬೇಸಿಗೆಗೆ ಹೀಗಾಗಿಬಿಡುತ್ತದೆ ಎಂಬುದನ್ನೂ ನೆನಪಿಡಬೇಕು. ಮೇಲಿನ ಅರಗು ಸಣ್ಣ ಸಣ್ಣ ಬಿರುಕು ಬಿಟ್ಟು, ಹಿಡಿಯುವ ಜಾಗದಲ್ಲಿ ಸವೆದು, ಅಡಿಯೂ ಜೇನುಬಣ್ಣವಾಗಿದ್ದರೆ ಆಗ ವಯಸ್ಸಿನ ಮಾತು ಗಟ್ಟಿ. ಒಂದೇ ಗುರುತಿನ ಮೇಲೆ ತೀರ್ಪು ಕೊಡುವವನು ವ್ಯಾಪಾರಿ. ಮೂರು ನಾಲ್ಕು ಗುರುತು ಕೂಡಿಸುವವನು ಬಲ್ಲವ.

ಊರು ಯಾವುದೆಂದು ಹೇಳುವುದು ಇದಕ್ಕಿಂತ ಕಷ್ಟ. ಕೊಪ್ಪಳದ ಕಿನ್ನಾಳ ಗೊಂಬೆಯನ್ನು ಯಾರೂ ಇದರೊಂದಿಗೆ ಬೆರೆಸಬೇಕಿಲ್ಲ. ಅದು ಕೆತ್ತಿ, ಲೇಪ ಕೊಟ್ಟು, ಕುಂಚದಿಂದ ಬರೆದದ್ದು. ತಲೆನೋವು ತರುವುದು ಆಂಧ್ರದ ಏಟಿಕೊಪ್ಪಾಕ. ಅವರದೂ ಲೇತು, ಅವರದೂ ಅರಗು, ಅವರು ಅಂಕುಡು ಎಂದು ಕರೆಯುವ ಮರವೂ ಇದೇ ಆಲೆ. 2017ರಲ್ಲಿ ಆ ಗೊಂಬೆಗೂ ಭೌಗೋಳಿಕ ಸೂಚಕ ಸಿಕ್ಕಿತು. ಚನ್ನಪಟ್ಟಣಕ್ಕೆ ಸಿಕ್ಕಿದ್ದು 2005–06ರಲ್ಲಿ. ಕಾನೂನಿನ ಪ್ರಕಾರ ಎರಡೂ ಬೇರೆ, ಕೈಯಲ್ಲಿಟ್ಟರೆ ಅಣ್ಣತಮ್ಮ. ಬರಿಯ ಬುಗುರಿಯೊಂದನ್ನು ಕೊಟ್ಟು ಯಾವ ಊರಿನದು ಹೇಳಿ ಎಂದರೆ ಸುಮ್ಮನಿರುವುದೇ ಮರ್ಯಾದೆ. ಸರ್ಕಾರಕ್ಕೂ ಈ ನಂಬರಿಲ್ಲದ ಲೋಕವನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂದಿತ್ತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಎಂದಾಗ, ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಭೌಗೋಳಿಕ ಸೂಚಕ ಪಡೆದವುಗಳಿಗೂ ವಿನಾಯಿತಿ ಕೊಟ್ಟರು. ಕೊಟ್ಟದ್ದು ಸರಿ. ಆದರೂ ಮಾಡಿದವರ ಹೆಸರಿನ ಎರಡಕ್ಷರವನ್ನು ಅಡಿಯಲ್ಲಿ ಸುಡುಮೊಳೆಯಿಂದ ಒತ್ತುವ ಪದ್ಧತಿ ಬಂದರೆ ಯಾರಿಗೂ ನಷ್ಟವಿಲ್ಲ ಎನ್ನುವವನು ನಾನು.

ಅಲ್ಲಿಯವರೆಗೆ ಅಕ್ಷರದ ಸಾಕ್ಷಿ ಸಿಗುವುದು ಡಬ್ಬಿಯಲ್ಲಿ. ಅಡುಗೆ ಸೆಟ್ಟು, ಮಣಿಚೌಕಟ್ಟಿನಂಥವು ರಟ್ಟಿನ ಡಬ್ಬಿಯಲ್ಲಿ ಬಂದಿದ್ದು, ಮೇಲೆ ಅಂಟಿಸಿದ ಚೀಟಿ ಉಳಿದಿದ್ದರೆ ಅದೃಷ್ಟ. ಬೆಲೆ ಆಣೆಯಲ್ಲಿದ್ದರೆ ನಯಾ ಪೈಸೆ ಚಲಾವಣೆಗೆ ಬಂದ 1957ರ ಆಸುಪಾಸಿಗೂ ಹಿಂದಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಂತೂ ಅಲ್ಲ. ಮೈಸೂರು ರಾಜ್ಯ ಎಂದಿದ್ದರೆ ಚೀಟಿ ಅಚ್ಚಾದದ್ದು ಬಹುತೇಕ 1973ರ ನವೆಂಬರ್‌ಗೆ ಮುಂಚೆ. ಜಿಲ್ಲೆಯ ಹೆಸರು ಇನ್ನೂ ಚೆನ್ನಾಗಿ ಕೈಗೆ ಸಿಗುತ್ತದೆ. ಚನ್ನಪಟ್ಟಣ ಮೊದಲು ಬೆಂಗಳೂರು ಜಿಲ್ಲೆಯಲ್ಲಿತ್ತು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು, 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಅದೇ ಬೆಂಗಳೂರು ದಕ್ಷಿಣವಾಯಿತು. ಹಳೆಯ ಚೀಟಿ ಮುಗಿಯುವವರೆಗೆ ಅಂಟಿಸುವವರು ಎಲ್ಲ ಅಂಗಡಿಯಲ್ಲೂ ಇರುತ್ತಾರೆ, ಆದ್ದರಿಂದ ನಾಲ್ಕೈದು ವರ್ಷ ಆಚೀಚೆ ಹಿಡಿಯಬೇಕು. ಅಷ್ಟು ಬಿಟ್ಟುಕೊಟ್ಟರೂ, ‘ರಾಮನಗರ ಜಿಲ್ಲೆ’ ಎಂದು ಅಚ್ಚಾದ ಡಬ್ಬಿ ಕೊಡುವಷ್ಟು ಖಚಿತ ಕಾಲವನ್ನು ಮರ, ಲೇತ್, ಅರಗು ಮೂರೂ ಸೇರಿದರೂ ಕೊಡಲಾರವು. ಮಗುವಿಗೆ ಗೊಂಬೆ ಕೊಟ್ಟು ಡಬ್ಬಿಯನ್ನು ಕಸಕ್ಕೆ ಹಾಕುವವರು ಕನಿಷ್ಠ ಆ ಚೀಟಿಯನ್ನಾದರೂ ಕತ್ತರಿಸಿ ಗೊಂಬೆಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಬಹುದು.