ಮನಿಯಾಗಿನ ಸಾಲಿಗೆ ಫೀ ಇಲ್ಲ!

ಬಾಗಲಕೋಟೆ: ಜೂನ್ ತಿಂಗಳು ಹತ್ತಿರ ಬಂತೆಂದರೆ ಸಾಕು, ನವನಗರದ ಸೆಕ್ಟರುಗಳಿಂದ ಹಿಡಿದು ಇಳಕಲ್ಲಿನ ಓಣಿಗಳವರೆಗೆ ಒಂದೇ ಮಾತು: "ಕೂಸಿನ ಹೆಸರು ಎಲ್ಲಿ ಹಚ್ಚಿದ್ರಿ?" ಕೂಸಿಗೆ ಇನ್ನೂ ಮೂರು ವರ್ಷ ಆಗಿರುವುದಿಲ್ಲ. ಮೂಗು ಒರೆಸಿಕೊಳ್ಳಲು ಬರುವುದಿಲ್ಲ. ಆಗಲೇ ಟಾಯ್, ಬೂಟು, ಬೆನ್ನಿಗೊಂದು ಚೀಲ. ಸಾಲ ಮಾಡಿಯಾದರೂ ಸರಿ, ಎಲ್‌ಕೇಜಿಗೆ ಹಾಕಬೇಕು. ಸಂಜೆ ಮನೆಗೆ ಬಂದ ಮೇಲೆ ಆ ಪುಟ್ಟ ಬೆರಳುಗಳು ಎ, ಬಿ, ಸಿ, ಡಿ ತಿದ್ದಬೇಕು. ತಿದ್ದದಿದ್ದರೆ ತಾಯಿಗೆ ಸಿಟ್ಟು, ಕೂಸಿಗೆ ಅಳು.

ಎಲ್‌ಕೇಜಿಗೆ ಹಾಕಲಾಗದ ಮನೆಯ ಕಥೆ ಬೇರೆ. ಅಲ್ಲಿ ತಾಯಿ ಹೇಳುವುದು ಇಷ್ಟೇ: "ನಮಗ ಓದಾಕ ಬರೂದಿಲ್ಲ, ನಾವೇನ ಕಲಸೂನು?" ಈ ಒಂದು ಮಾತಿನಿಂದ ಎಷ್ಟು ನಷ್ಟವಾಗಿದೆ ಎಂದು ಯಾರೂ ಲೆಕ್ಕ ಹಾಕಿಲ್ಲ. ಓದು ಬಾರದ ತಾಯಿಯ ಹತ್ತಿರವೂ ಕಲಿಸುವ ಸಾಮಾನು ಮನೆತುಂಬ ಇದೆ. ಅಡುಗೆಮನೆಯಲ್ಲಿದೆ, ಅಂಗಳದಲ್ಲಿದೆ, ಮಗ್ಗದ ಕುಣಿಯ ಪಕ್ಕದಲ್ಲಿದೆ. ಅದಕ್ಕೆ ಪಾಠವೆಂಬ ಹೆಸರಿಲ್ಲ, ಆದ್ದರಿಂದ ಬೆಲೆಯೂ ಇಲ್ಲ.

ದೊಡ್ಡವರು ಹೇಳಿದ್ದೂ ಇದನ್ನೇ

ಇದು ನಮ್ಮ ಹಳ್ಳಿಗರ ಹಟದ ಮಾತಲ್ಲ. ಆರು ವರ್ಷ ತುಂಬುವುದರೊಳಗೆ ಮಗುವಿನ ಮೆದುಳಿನ ಬೆಳವಣಿಗೆ ಶೇಕಡಾ 85ಕ್ಕೂ ಹೆಚ್ಚು ಮುಗಿದಿರುತ್ತದೆ ಎಂದು ಕೇಂದ್ರ ಸರಕಾರದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೇ ಬರೆದಿದೆ. 2023ರ ಫೆಬ್ರುವರಿಯಲ್ಲಿ ದಿಲ್ಲಿಯವರು ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 'ಜಾದೂಯಿ ಪಿಟಾರಾ' ಎಂಬ ಆಟಿಕೆ ಪೆಟ್ಟಿಗೆಯನ್ನೂ ಹೊರತಂದರು. ಗೊಂಬೆ, ಒಗಟು, ಚಿತ್ರದ ಕಾರ್ಡು ಅದರಲ್ಲಿವೆ. ನಮ್ಮ ರಾಜ್ಯದಲ್ಲಿ ಅದಕ್ಕೂ ಬಹಳ ಮೊದಲು, 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ 'ನಲಿ-ಕಲಿ' ಪದ್ಧತಿ ಮುಂದೆ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಹಾಡು, ಆಟ, ಕಾರ್ಡುಗಳ ಮೂಲಕ ಕಲಿಸುವುದೇ ಅದರ ಜೀವ. ಅಂದಮೇಲೆ ಆಟ ಬೇರೆ, ಪಾಠ ಬೇರೆ ಎಂದು ಗೋಡೆ ಕಟ್ಟಿದವರು ಯಾರು? ನಾವೇ.

ಒಂದನೇ ಇಯತ್ತೆಗೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರಕಾರ 2022ರಲ್ಲಿ ಆದೇಶ ಹೊರಡಿಸಿದಾಗ ಪಾಲಕರು ಗದ್ದಲ ಎಬ್ಬಿಸಿದರು. 2025ರಲ್ಲಿ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳೆಂದು ಸಡಿಲಿಕೆಯೂ ಸಿಕ್ಕಿತು. ಒಂದು ವರ್ಷ ಹಾಳಾಯಿತಲ್ಲ ಎಂದು ಅತ್ತವರು ಬಹಳ. ಆ ವರ್ಷವನ್ನು ಮನೆಯಲ್ಲಿ ಹೇಗೆ ಬಳಸಬೇಕೆಂದು ಕೇಳಿದವರು ಕಡಿಮೆ. ಅಂಥವರಿಗಾಗಿ ನಮ್ಮ ನಾಲ್ಕು ಊರುಗಳ ಸರಕನ್ನೇ ಇಲ್ಲಿ ಬಿಚ್ಚಿಡುತ್ತೇವೆ.

ಹುನಗುಂದದ ಎರೆಮಣ್ಣು

ಹುನಗುಂದ ಕಡೆ ಎರೆಭೂಮಿ. ಬಿಳಿಜೋಳ, ಕಡಲೆ ಬೆಳೆಯುವ ನೆಲ. ಆ ಮಣ್ಣೇ ಮಕ್ಕಳ ಮೊದಲ ಪಾಟಿ. ಈಗ ಪೇಟೆಯ ಅಂಗಡಿಗಳಲ್ಲಿ 'ಕ್ಲೇ' ಎಂದು ಬಣ್ಣಬಣ್ಣದ ಮಿದಿಕೆ ಮಾರುತ್ತಾರೆ, ಡಬ್ಬಿಗೆ ಇಷ್ಟು ಎಂದು. ನಮ್ಮ ಹಿರಿಯರು ಮಕ್ಕಳ ಕೈಗೆ ಮಣ್ಣು ಕೊಡಲಿಕ್ಕೆ ವರ್ಷದಲ್ಲಿ ಐದು ಸಲ ಹಬ್ಬವನ್ನೇ ಇಟ್ಟಿದ್ದರು. ಜ್ಯೇಷ್ಠದಲ್ಲಿ ಮಣ್ಣೆತ್ತು, ಆಷಾಢದ ಮಂಗಳವಾರ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ಐದೂ ಮಣ್ಣಿನ ದೇವರು.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮವಾಸ್ಯೆಯನ್ನೇ ನೋಡಿರಿ. ಮಣ್ಣು ತರಬೇಕು, ಹಳ್ಳು ಆರಿಸಬೇಕು, ನೀರು ಹದವಾಗಿ ಹಾಕಬೇಕು. ನೀರು ಹೆಚ್ಚಾದರೆ ಎತ್ತು ಕುಸಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಎತ್ತಿಗೆ ಕಾಲು ನಾಲ್ಕು, ಕೋಡು ಎರಡು, ಹಿಣಿಲು ಒಂದು. ಜೋಡಿ ಎಂದರೆ ಎರಡೆತ್ತು. ಎರಡೆತ್ತಿಗೆ ಕಾಲು ಎಷ್ಟು? ಇದು ಲೆಕ್ಕವೂ ಹೌದು, ವಿಜ್ಞಾನವೂ ಹೌದು. ಮಣ್ಣು ಮಿದ್ದ ಬೆರಳಿಗೆ ಬಲ ಬರುತ್ತದೆ. ಬಲ ಬಂದ ಬೆರಳು ಮುಂದೆ ಪೆನ್ಸಿಲ್ಲು ಹಿಡಿಯುತ್ತದೆ. ಮರುದಿನ ಹುಡುಗರು ಕುಂಟೆತ್ತು ಹಿಡಿದು ಮನೆಮನೆ ತಿರುಗಿ ಕಾಳು, ರೊಕ್ಕ ಬೇಡುವ ರೂಢಿಯುಂಟು. ಬಂದದ್ದನ್ನು ಎಣಿಸಿ, ಸಮ ಪಾಲು ಮಾಡಿ ಹಂಚಿಕೊಳ್ಳುವಾಗ ಭಾಗಾಕಾರವೂ ಮುಗಿಯಿತು.

ಈಗ ಬಣ್ಣ ಹಚ್ಚಿದ ಎತ್ತಿನ ಜೋಡಿಯನ್ನು ಸಂತೆಯಿಂದ ತಂದು ಜಗಲಿ ಮೇಲೆ ಇಡುತ್ತೇವೆ. ದೇವರಿಗೆ ನಡೆದೀತು, ಮಗುವಿಗೆ ಏನು ಬಂತು? ತಂದದ್ದನ್ನು ಪೂಜೆ ಮಾಡಿರಿ, ಬೇಡ ಅನ್ನುವುದಿಲ್ಲ. ಅದರ ಪಕ್ಕ ಮಗು ಮಾಡಿದ ಸೊಟ್ಟ ಎತ್ತನ್ನೂ ಇಡಿರಿ. ಬಸವಣ್ಣ ಸಿಟ್ಟಾಗುವುದಿಲ್ಲ.

ಇಳಕಲ್ಲಿನ ನೂಲು

ಇಳಕಲ್ಲ ಸೀರೆಯ ಹೆಸರು ದೇಶಕ್ಕೆಲ್ಲ ಗೊತ್ತು. ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವುದು ಅದರ ವಿಶೇಷ. ಸೆರಗಿನ ಟೋಪಿ ತೆನೆ, ಚಿಕ್ಕಿ ದಡಿ, ಗೋಮಿ ದಡಿ ಎಲ್ಲವೂ ಲೆಕ್ಕದ ಮೇಲೆ ನಿಂತ ಕಲೆ. ಮನೆಯಲ್ಲಿ ಅವ್ವನ ಹಳೆಯದೊಂದು ಸೀರೆ ಇದ್ದರೆ ಅದನ್ನು ಹಾಸಿ ಮಗುವನ್ನು ಕೂಡಿಸಿರಿ. ಸೆರಗಿನಲ್ಲಿ ಕೆಂಪು ಎಲ್ಲಿದೆ? ಬಿಳಿ ಎಲ್ಲಿದೆ? ತೆನೆಗಳು ಎಷ್ಟು? ಒಂದಾದ ಮೇಲೆ ಏನು ಬರುತ್ತದೆ, ಮತ್ತೆ ಏನು ಬರುತ್ತದೆ? ಮುಂದೇನು ಬರುತ್ತದೆಂದು ಮೊದಲೇ ಹೇಳಬಲ್ಲ ಮಗು ಗಣಿತದ ಹೊಸ್ತಿಲು ದಾಟಿತೆಂದೇ ತಿಳಿಯಿರಿ.

ಕಸೂತಿ ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಪುಣ್ಯ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ನಮೂನೆಯ ಹೊಲಿಗೆ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರ ಓರೆ, ಆನೆ ಕುಂಟು. ಸಣ್ಣ ಮಕ್ಕಳ ಕೈಗೆ ಸೂಜಿ ಕೊಡಬೇಡಿರಿ. ಚೌಕಳಿ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಅದೇ ತೇರು, ಅದೇ ತುಳಸಿಕಟ್ಟೆ ಬರೆಸಿರಿ. ಬಾಗಿಲ ಮುಂದಿನ ಚುಕ್ಕಿ ರಂಗೋಲಿಯೂ ಇದೇ ಜಾತಿಯದು. ಐದು ಚುಕ್ಕಿ, ಅದರ ಎರಡು ಬದಿಗೆ ನಾಲ್ಕು, ಆಮೇಲೆ ಮೂರು. ಇಳಿಕೆ ಕ್ರಮದ ಎಣಿಕೆ ಹೊಸ್ತಿಲಲ್ಲೇ ಆಯಿತು.

ಒಂದು ಎಚ್ಚರಿಕೆಯ ಮಾತು. ಮಗುವಿನ ಕೈಯಿಂದ ತಾಸುಗಟ್ಟಲೆ ಕಂಡಿಕೆ ಸುತ್ತಿಸಿ "ಆಡಾಕತ್ತೈತಿ ಬಿಡ್ರಿ" ಎನ್ನಬಾರದು. ಮಗುವಿಗೆ ಬೇಡವಾದಾಗ ಎದ್ದು ಹೋಗಲು ಬಂದರೆ ಅದು ಆಟ. ಎದ್ದು ಹೋಗಲು ಬಾರದಿದ್ದರೆ ಅದು ದುಡಿಮೆ.

ಬಾದಾಮಿಯ ಕಲ್ಲು

ಬಾದಾಮಿ ನೋಡಲು ಜಗತ್ತೇ ಬರುತ್ತದೆ. ಅಕ್ಕಪಕ್ಕದ ಹಳ್ಳಿಯವರು ಮಾತ್ರ ಬನಶಂಕರಿ ಜಾತ್ರೆಗೆ ಬಂದು, ನಾಟಕ ನೋಡಿ, ಬಳೆ ಇಡಿಸಿಕೊಂಡು ತಿರುಗಿ ಹೋಗುತ್ತಾರೆ. ಒಂದು ರವಿವಾರ ಮಕ್ಕಳನ್ನು ಮೇಣಬಸದಿಗೆ ಕರೆದೊಯ್ಯಿರಿ. 15 ವರ್ಷದೊಳಗಿನವರಿಗೆ ಟಿಕೀಟು ಇಲ್ಲ. ಮೊದಲನೆಯ ಗುಹೆಯ ಹೊರಗೆ ಕುಣಿಯುವ ಶಿವನಿದ್ದಾನೆ. ಕೈ ಎಷ್ಟೆಂದು ನೀವು ಹೇಳಬೇಡಿರಿ, ಮಗುವೇ ಎಣಿಸಲಿ. ಹದಿನೆಂಟು! ಒಂದು ಸಲಕ್ಕೆ ಲೆಕ್ಕ ತಪ್ಪುತ್ತದೆ, ಮತ್ತೆ ಎಣಿಸುತ್ತದೆ. ಅದೇ ಗುಹೆಯ ದ್ವಾರಪಾಲಕನ ಕೆಳಗೆ ಇನ್ನೊಂದು ಮೋಜಿದೆ. ಒಂದೇ ತಲೆ, ಒಂದು ಕಡೆಯಿಂದ ನೋಡಿದರೆ ಆನೆ, ಇನ್ನೊಂದು ಕಡೆಯಿಂದ ನೋಡಿದರೆ ಎತ್ತು. "ನೀ ಎಲ್ಲಿ ನಿಂತು ನೋಡ್ತಿ ಅನ್ನೂದರ ಮ್ಯಾಲೆ ಐತಿ" ಎಂದು ಮಗುವಿಗೆ ಹೇಳಿದರೆ ಅದು ಜೀವನಪೂರ್ತಿ ಉಳಿಯುವ ಪಾಠ. ಚಾಲುಕ್ಯರ ಶಿಲ್ಪಿ ಸಾವಿರದ ನಾನೂರು ವರ್ಷದ ಹಿಂದೆ ಕೆತ್ತಿಟ್ಟ ಒಗಟು ಇದು.

ಮನೆಗೆ ಬಂದ ಮೇಲೆ ಇದ್ದಿಲಿನಿಂದಲೋ ಸುಣ್ಣದ ಬಳಪದಿಂದಲೋ ಅಂಗಳದ ಹಾಸುಗಲ್ಲಿನ ಮೇಲೆ ಕಂಡದ್ದನ್ನು ಬರೆಯಲಿ. ಆನೆಗೆ ಐದು ಕಾಲು ಬಂದರೂ ತಿದ್ದಬೇಡಿರಿ. "ಐದನೇದು ಯಾಕಪಾ?" ಎಂದು ಕೇಳಿರಿ. ಉತ್ತರ ಹೇಳುವಾಗ ಅದು ಮಾತು ಕಲಿಯುತ್ತದೆ.

ಬಾಗಲಕೋಟೆಯ ಕಟ್ಟೆ

ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ಜನ ನವನಗರಕ್ಕೆ ಬಂದರು. ರಸ್ತೆ ಅಗಲವಾದವು, ಸೆಕ್ಟರಿಗೆ ನಂಬರು ಬಿದ್ದವು. ಆದರೆ ಹಳೆಯ ಮನೆಯ ಮುಂದಿನ ಕಟ್ಟೆ ಹಿಂದೆಯೇ ಉಳಿಯಿತು. ಆ ಕಟ್ಟೆಯ ಕಲ್ಲಿನ ಮೇಲೆ ಚೌಕಾಬಾರದ ಮನೆ ಕೊರೆದಿರುತ್ತಿದ್ದರು. ಐದಕ್ಕೈದು, ಇಪ್ಪತ್ತೈದು ಮನೆ. ಅದರಲ್ಲಿ ಐದು ಕಟ್ಟೆಮನೆ. ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬೆಳ್ಳಗೆ ಮಾಡಿಕೊಂಡರೆ ದಾಳ ತಯಾರು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಅಜ್ಜ, ಮೊಮ್ಮಗ ಕೂಡಿ ಆಡುವ ಆಟ. ಅಜ್ಜನ ಕಾಯಿ ಕಡಿದಾಗ ಮೊಮ್ಮಗ ಕುಣಿಯುತ್ತಾನೆ. ತನ್ನ ಕಾಯಿ ಸತ್ತಾಗ ಅಳು ನುಂಗಿ ಮತ್ತೆ ಮೊದಲ ಮನೆಯಿಂದ ಹೊರಡುತ್ತಾನೆ. ಸೋಲು ತಡೆದುಕೊಳ್ಳುವುದನ್ನು ಯಾವ ಎಲ್‌ಕೇಜಿಯಲ್ಲಿ ಕಲಿಸುತ್ತಾರೆ?

ಕಟ್ಟೆ ಇಲ್ಲದಿದ್ದರೇನು? ರಟ್ಟಿನ ಮೇಲೆ ಮನೆ ಬರೆಯಿರಿ. ಅಳಗುಳಿ ಮಣೆ ಇದ್ದರೆ ಇನ್ನೂ ಚಲೋ. ಹದಿನಾಲ್ಕು ಗುಳಿ, ಒಂದೊಂದಕ್ಕೆ ಐದರಂತೆ ಎಪ್ಪತ್ತು ಬೀಜ. ಮಣೆ ಇಲ್ಲದವರು ಅಂಗಳದಲ್ಲೇ ಗುಳಿ ತೋಡಿರಿ. ಹೋಳಿ ಬಂದಾಗ ಬಾಗಲಕೋಟೆಯಲ್ಲಿ ಹಲಗೆಯ ಸದ್ದು ಕೇಳದ ಮಗು ಇಲ್ಲ. ಆ ಪೆಟ್ಟನ್ನೇ ಚಪ್ಪಾಳೆಯಲ್ಲಿ ಹೊಡೆಸಿರಿ: ನೀವು ಮೂರು ಹೊಡೆದರೆ ಅದೂ ಮೂರು. ಕಿವಿ, ಕೈ, ಎಣಿಕೆ ಮೂರೂ ಒಂದೇ ಆಟದಲ್ಲಿ ಪಳಗುತ್ತವೆ.

ರೊಟ್ಟಿ ಬಡಿಯುವಾಗ ನಿಂಬೆಹಣ್ಣಿನಷ್ಟು ಹಿಟ್ಟು ಮಗುವಿಗೂ ಕೊಡಿರಿ. ಮುರಿದರೆ ಅರ್ಧ, ಮತ್ತೆ ಮುರಿದರೆ ಕಾಲು. ಮಡಿಕೆ, ಹೆಸರು, ಅಲಸಂದಿ, ಕಡಲೆ ಕೂಡಿಸಿ ಬೇರೆ ಬೇರೆ ವಾಟಗಕ್ಕೆ ಆರಿಸಲು ಹಚ್ಚಿರಿ. ಆದರೆ ಮೂರು ವರ್ಷದೊಳಗಿನ ಕೂಸಿನ ಹತ್ತಿರ ಕಾಳು, ಹುಣಸೆ ಬೀಜ ಬಿಟ್ಟು ಎದ್ದು ಹೋಗಬೇಡಿರಿ. ಮೂಗಿನಲ್ಲಿ ಏರಿಸಿಕೊಳ್ಳುತ್ತವೆ, ಗಂಟಲಲ್ಲಿ ಸಿಕ್ಕಿಸಿಕೊಳ್ಳುತ್ತವೆ. ನೀರು ತುಂಬಿದ ಬಕೀಟಿನ ಹತ್ತಿರವೂ ಕಣ್ಣಿರಲಿ.

ಮೊಬೈಲು ಎಂಬ ಆಯಾ

2020ರ ಮಾರ್ಚಿನಲ್ಲಿ ಕೊರೋನಾ ಬಂದು ಸಾಲಿ ಮುಚ್ಚಿದವು. ಆ ವರ್ಷ 'ವಿದ್ಯಾಗಮ' ಎಂದು ಮಾಸ್ತರರು ಗುಡಿಕಟ್ಟೆಗೂ ಬಂದರು, ಅಕ್ಟೋಬರಿಗೆ ಅದೂ ನಿಂತಿತು. ಒಂದರಿಂದ ಐದನೇ ಇಯತ್ತೆಯವರೆಗೆ ಸಾಲಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಅಂಗನವಾಡಿ ತೆರೆದದ್ದು ನವೆಂಬರಿಗೆ. ಅಷ್ಟು ದಿನ ಮನೆಯೇ ಸಾಲಿ. ಆಗ ಮಕ್ಕಳ ಕೈಗೆ ಸಿಕ್ಕ ಮೊಬೈಲು ಇನ್ನೂ ಇಳಿದಿಲ್ಲ. ಊಟ ಮಾಡಿಸಲು ಮೊಬೈಲು, ಮಲಗಿಸಲು ಮೊಬೈಲು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ: ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ. ಮೊಬೈಲು ಮಾತಾಡುತ್ತದೆ, ಆದರೆ ಮಗು ಕೇಳಿದ್ದಕ್ಕೆ ತಿರುಗಿ ಉತ್ತರ ಕೊಡುವ ಸಹನೆ ಅಜ್ಜಿಗೆ ಇದ್ದಷ್ಟು ಅದಕ್ಕಿಲ್ಲ.

ಪುಕ್ಕಟೆ ಸವಲತ್ತುಗಳನ್ನೂ ಬಿಡಬೇಡಿರಿ. 1975ರ ಅಕ್ಟೋಬರ್ 2ರಿಂದ ದೇಶದಲ್ಲಿ ಶುರುವಾದ ಅಂಗನವಾಡಿ ಯೋಜನೆ ಬರೀ ಹಿಟ್ಟು, ಮೊಟ್ಟೆ ಹಂಚುವುದಕ್ಕಲ್ಲ. ಆಟ, ಹಾಡಿನ ಪಾಠವೂ ಅದರ ಕೆಲಸವೇ. ಆರು ದಾಟಿದ ಮಕ್ಕಳಿಗೆ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಡಲು 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂತು. ಅಣ್ಣ ತಂದ ಪುಸ್ತಕದ ಚಿತ್ರ ನೋಡಿ ಓದು ಬಾರದ ತಾಯಿಯೂ ಕಥೆ ಕಟ್ಟಬಹುದು. ಪುಸ್ತಕದ ಕಥೆ ಒಂದು, ಅವ್ವನ ಕಥೆ ಇನ್ನೊಂದು. ಮಗುವಿಗೆ ಎರಡು ಕಥೆ ಸಿಕ್ಕಂತಾಯಿತು.

ಬಾದಾಮಿ, ಹುನಗುಂದ ಕಡೆಯಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳಿವೆ. ಅವರ ಗಂಟಿನಲ್ಲಿ ಆಟಿಕೆ ಹಿಡಿಸುವುದಿಲ್ಲ. ಆದರೆ ನಾಲ್ಕು ಹುಣಸೆ ಬೀಜ, ಒಂದು ಬಳಪ, ನಾಲ್ಕು ಒಗಟು ಹಿಡಿಸುತ್ತವೆ. ಕೆಲಸ ಮುಗಿದ ಮೇಲೆ ಅರ್ಧ ತಾಸು ಮಗುವಿನ ಜೊತೆ ಕೂತರೆ ಆ ಪರವೂರಿನ ತಗಡಿನ ಶೆಡ್ಡಿನಲ್ಲಿಯೂ ಸಾಲಿ ನಡೆಯುತ್ತದೆ.

ಫೀ ಕಟ್ಟುವ ಶಕ್ತಿ ಇದ್ದವರು ಕಟ್ಟಿರಿ, ಬೇಡ ಎನ್ನುವವರು ನಾವಲ್ಲ. ಆದರೆ ಫೀ ಕಟ್ಟಿದೆವೆಂದು ಕೈ ತೊಳೆದುಕೊಳ್ಳಬೇಡಿರಿ. ಕಟ್ಟಲಾಗಲಿಲ್ಲವೆಂದು ಕೈ ಚೆಲ್ಲಲೂ ಬೇಡಿರಿ. "ನಮಗ ಓದಾಕ ಬರೂದಿಲ್ಲ" ಎನ್ನುವ ತಾಯಂದಿರಿಗೆ ನಮ್ಮದೊಂದೇ ಪ್ರಶ್ನೆ: ಕೂಸಿಗೆ ಮಾತು ಕಲಿಸಿದವರು ಯಾರವ್ವಾ? ಯಾವ ಸಾಲಿಯ ಮಾಸ್ತರ ಬಂದಿದ್ದ?