ಬಿಸಿಲ ನಾಡಿನ ಅಂಗಳಕ್ಕೆ ಬಣ್ಣದ ಕುಂಡಗಳು

ವಿಜಯಪುರದಲ್ಲಿ ಹೂವಿನ ಮಾತು ನೀರಿನಿಂದಲೇ ಮೊದಲಾಗಬೇಕು. ಆದಿಲ್‌ಶಾಹಿ ಅರಸರು ತೊರವಿಯಿಂದಲೂ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕೊಳವೆಗಳ ಮೂಲಕ ನಗರಕ್ಕೆ ನೀರು ತಂದರು. ಅರಮನೆಯ ತೋಟಗಳಿಗೆ ಅಂಥ ಏರ್ಪಾಡು ಬೇಕಾಯಿತು. ನಮ್ಮ ನಿಮ್ಮ ಮನೆಗೆ ಅದು ಎಲ್ಲಿಂದ ಬರಬೇಕು? ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದುಂಟು. ಹೀಗಿರುವಾಗ ವರ್ಷವಿಡೀ ಅಂಗಳದಲ್ಲಿ ಬಣ್ಣ ಕಾಣಬೇಕೆಂಬುದು ಅತಿಯಾಸೆಯೆ?

ಅಲ್ಲ. ಆದರೆ ಹೂವನ್ನು ಕುಂಡದಲ್ಲಿ ಬೆಳೆಯಬೇಕು. ನೆಲದಲ್ಲಿ ಊರಿದ ಗಿಡ ಬಿಸಿಲು ಬಡಿದರೂ ಅಲ್ಲಿಯೇ ನಿಲ್ಲಬೇಕು. ಕುಂಡದ ಗಿಡವನ್ನಾದರೋ ನೆರಳಿದ್ದೆಡೆಗೆ ಒಯ್ಯಬಹುದು. ಎಷ್ಟು ಕುಂಡ ಇಡಬೇಕೆಂಬುದನ್ನು ಮಾತ್ರ ಶ್ರಾವಣದ ಮಳೆ ನೋಡಿ ನಿರ್ಧರಿಸಬೇಡಿರಿ. ವೈಶಾಖದ ಹಂಡೆ ನೋಡಿ ನಿರ್ಧರಿಸಿರಿ. ಒಂದು ಗೇಣಗಲದ ಕುಂಡ ಕಡುಬೇಸಿಗೆಯಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರು ನೀರು ಕೇಳುತ್ತದೆ. ಹತ್ತು ಕುಂಡವೆಂದರೆ ಒಂದು ಬಕೀಟು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಕೂಡಿಟ್ಟರೆ ಅದರಲ್ಲಿ ಒಂದು ಪಾಲು ದೊರೆತೀತು. ಸಾಬೂನು, ಸೋಡಾ ಬೆರೆತ ನೀರು ಮಾತ್ರ ಬೇಡ.

ಇನ್ನು ಮಣ್ಣು. ನಮ್ಮ ಎರೆಮಣ್ಣು ಹೊಲದಲ್ಲಿ ಬಿಳಿಜೋಳಕ್ಕೆ ತಾಯಿ. ಕುಂಡದಲ್ಲಿ ಒಂದೇ ಹಾಕಿದರೆ ತೊಂದರೆ. ಒಣಗಿದಾಗ ಅದು ಮುದುಡಿ ಕುಂಡದ ಗೋಡೆಯಿಂದ ಬಿಡುತ್ತದೆ. ಸುರಿದ ನೀರು ಆ ಸಂದಿನಿಂದ ಕೆಳಗಿಳಿದು ಹೋಗುತ್ತದೆ, ಬೇರಿಗೆ ಮುಟ್ಟುವುದಿಲ್ಲ. ಆದುದರಿಂದ ಎರೆಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವನ್ನು ಸಮಪಾಲಾಗಿ ಬೆರೆಸಿರಿ. ಕುಂಡದ ತಳದ ತೂತಿನ ಮೇಲೆ ಬೋಕಿಯ ಚೂರು ಇಡಲು ಮರೆಯಬೇಡಿರಿ.

ಕುಂಡವೆಂದರೆ ಪೇಟೆಯಿಂದಲೇ ತರಬೇಕೆಂದಿಲ್ಲ. ಬಾಯಿ ಒಡೆದ ಹರವಿ, ಎಣ್ಣೆಯ ಡಬ್ಬಿ ಎಲ್ಲವೂ ಆದೀತು. ಡಬ್ಬಿ ಬಲು ಬೇಗ ಕಾಯುತ್ತದೆ; ಕಪ್ಪು ಬಣ್ಣ ಬಳಿದರಂತೂ ಒಳಗಿನ ಬೇರು ಬೇಯುತ್ತದೆ. ಬಿಸಿಲಿಗೆ ಇಡುವ ಕುಂಡಗಳಿಗೆ ಬಿಳಿ, ತಿಳಿಹಳದಿ, ತಿಳಿನೀಲಿಯಂಥ ಬಣ್ಣ ಒಳ್ಳೆಯದು. ಅವು ಬಿಸಿಲನ್ನು ಹಿಂದಕ್ಕೆ ತಳ್ಳುತ್ತವೆ. ಗಾಢವಾದ ಕೆಂಪು, ಹಸಿರು ಬಣ್ಣದವನ್ನು ಪಡಸಾಲೆಯ ನೆರಳಿಗಿಡಿರಿ.

ಈಗ ಋತುಮಾನದ ಲೆಕ್ಕ. ಮುಂಗಾರಿನ ಮೊದಲ ಹದಕ್ಕೆ ಚೆಂಡುಹೂ, ಝೀನಿಯಾ, ಕೋಳಿಜುಟ್ಟು, ಕರ್ಣಕುಂಡಲಗಳ ಬೀಜ ಹಾಕಿರಿ. ಚೆಂಡುಹೂ ಸುಮಾರು ಎರಡು ತಿಂಗಳಿಗೆ ಅರಳುತ್ತದೆ. ಜೂನಿನಲ್ಲಿ ಕೆಲವು, ಆಗಸ್ಟಿನಲ್ಲಿ ಕೆಲವು ಬಿತ್ತಿದರೆ ಗಣೇಶ ಚೌತಿಗೂ ದೀಪಾವಳಿಗೂ ಹೂವು ಒದಗೀತು. ನಮ್ಮ ತೋರಣದ ಈ ಹೂವಿನ ತವರು ದೂರದ ಮೆಕ್ಸಿಕೊ ಎಂದರೆ ನಿಮಗೆ ಸೋಜಿಗವಾದೀತು!

ಚಳಿಗಾಲ ಶಾವಂತಿಗೆಯದು. ಹಗಲು ಕಿರಿದಾಗಿ ಇರುಳು ಹಿರಿದಾದಾಗ ಅದು ಮೊಗ್ಗು ಕಟ್ಟುತ್ತದೆ. ಬೀದಿದೀಪದ ಬೆಳಕು ರಾತ್ರಿಯೆಲ್ಲ ಬೀಳುವಲ್ಲಿ ಇಟ್ಟರೆ ಹೂವು ತಡವಾಗುತ್ತದೆ. ಅರಳಿ ಮುಗಿದ ಮೇಲೆ ಬುಡದಲ್ಲಿ ಬರುವ ಮರಿಗಳನ್ನು ಬೇಸಿಗೆಯಲ್ಲಿ ನೆರಳಿನಲ್ಲಿ ಕಾಪಾಡಿದರೆ ಮುಂದಿನ ವರ್ಷಕ್ಕೆ ಹೊಸ ಸಸಿ ಕೊಳ್ಳಬೇಕಿಲ್ಲ.

ಬೇಸಿಗೆಗೆ ಕಾಗದದ ಹೂ, ಸದಾಪುಷ್ಪ, ಹತ್ತು ಗಂಟೆ ಹೂ ಇವು ಸಾಕು. ಕಾಗದದ ಹೂವಿನ ಗಿಡಕ್ಕೆ ನೀರು ಹೆಚ್ಚಾದರೆ ಎಲೆಯೇ ಬೆಳೆಯುತ್ತದೆ. ತುಸು ಒಣಗಗೊಟ್ಟರೆ ಮೈತುಂಬ ಬಣ್ಣ. ಉಳಿದ ಕುಂಡಗಳನ್ನು ಮೂಡಣ ಗೋಡೆಯ ಬದಿಗೆ, ಬೆಳಗಿನ ಬಿಸಿಲಷ್ಟೇ ತಾಗುವಂತೆ ಸರಿಸಿರಿ. ಈ ಕಾಲದಲ್ಲಿ ಹೂವು ಕಡಿಮೆ. ಬಣ್ಣದ ಕುಂಡಗಳೇ ಅಂಗಳಕ್ಕೆ ಕಳೆ ಕೊಡಬೇಕು.

ನೀರುಣಿಸುವ ಜಾಣತನವನ್ನು ತಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿಯ ರೈತರಿಂದ ಕಲಿಯಬಹುದು. ಅವರು ಹನಿ ಹನಿಯಾಗಿ ಬುಡಕ್ಕಷ್ಟೇ ನೀರು ಕೊಡುತ್ತಾರೆ. ನೀವು ದೊಡ್ಡ ಕುಂಡದ ನಡುವೆ ಒಂದು ಸಣ್ಣ ಮಣ್ಣಿನ ಕುಡಿಕೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿರಿ. ನೀರು ಮೆಲ್ಲಗೆ ಜಿನುಗಿ ಬೇರಿಗೆ ಸೇರುತ್ತದೆ. ಮೇಲೆ ಶೇಂಗಾಸಿಪ್ಪೆ ಇಲ್ಲವೆ ಕಣಿಕೆಯ ಚೂರು ಹರಡಿದರೆ ತೇವ ಆರದು. ಒಣದ್ರಾಕ್ಷಿಯ ಶೆಡ್ಡಿಗೆ ಕಟ್ಟುವ ನೆರಳು ಬಲೆಯ ತುಂಡೊಂದು ಸಿಕ್ಕರೆ ಮಧ್ಯಾಹ್ನದ ಬಿಸಿಲಿಗೆ ಅದೇ ಚಪ್ಪರ. ಕೊಳವೆಬಾವಿಯ ಉಪ್ಪುನೀರಿನಿಂದ ಮಣ್ಣಿನ ಮೇಲೆ ಬಿಳಿಯ ಪುಡಿ ಕಟ್ಟಿದರೆ, ಮಳೆ ಬಂದಾಗ ಕುಂಡಗಳನ್ನು ಬಯಲಿಗಿಡಿರಿ. ಉಪ್ಪು ತೊಳೆದು ಹೋಗುತ್ತದೆ.

ನೀರು ಹಾಕುವ ಮುನ್ನ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿರಿ. ತೇವವಿದ್ದರೆ ಆ ದಿನದ ನೀರು ಉಳಿಯಿತು. ಹೊಸಬರು ಐದೇ ಕುಂಡಗಳಿಂದ ಆರಂಭಿಸಲಿ. ಒಂದು ಬೇಸಿಗೆ ಆ ಐದನ್ನೂ ಬದುಕಿಸಿಕೊಂಡ ಮನೆಯವರು ಮುಂದಿನ ಮುಂಗಾರಿಗೆ ಆರನೆಯದನ್ನು ಇಡಬಹುದು.