ಗೈಮನ್

ಅರ್ಜೆಂಟೀನಾ ದೇಶದ ದಕ್ಷಿಣ ಭಾಗದಲ್ಲಿರುವ ಪೆಟಗೋನಿಯಾ ಮಳೆ ವಿರಳವಾದ, ಸದಾ ಗಾಳಿ ಬೀಸುವ ಬಯಲುನಾಡು. ಕುರುಚಲು ಪೊದೆಗಳೇ ತುಂಬಿರುವ ಆ ನೆಲದ ನಡುವೆ ಚುಬುಟ್ ನದಿಯ ಕಣಿವೆ ಹಸಿರಾಗಿ ಕಂಗೊಳಿಸುತ್ತದೆ. ಈ ಕಣಿವೆಯಲ್ಲಿರುವ ಗೈಮನ್ ಎಂಬ ಸಣ್ಣ ಕೃಷಿಪಟ್ಟಣವನ್ನು ಕಟ್ಟಿದವರು ಬ್ರಿಟನ್ನಿನ ವೇಲ್ಸ್ ನಾಡಿನಿಂದ ಬಂದ ವಲಸೆಗಾರರು.

ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸ್ ಜನರ ನುಡಿಗೆ ಆಡಳಿತದಲ್ಲಿ ಮನ್ನಣೆಯಿರಲಿಲ್ಲ. ತಾಯ್ನುಡಿಯನ್ನಾಡಿದ ಮಕ್ಕಳನ್ನು ಎಷ್ಟೋ ಶಾಲೆಗಳಲ್ಲಿ ದಂಡಿಸುತ್ತಿದ್ದರು. ಭಾಷೆ ಉಳಿಯಬೇಕಾದರೆ ದೂರದಲ್ಲಿ ಹೊಸ ನೆಲೆಯೊಂದು ಬೇಕೆಂದು ಮೈಕೇಲ್ ಡಿ. ಜೋನ್ಸ್ ಎಂಬ ಧರ್ಮಬೋಧಕರು ಪ್ರತಿಪಾದಿಸಿದರು. ಅರ್ಜೆಂಟೀನಾ ಸರ್ಕಾರ ಭೂಮಿ ನೀಡಲು ಒಪ್ಪಿತು. ಲಿವರ್‌ಪೂಲಿನಿಂದ ಹೊರಟ 'ಮಿಮೋಸಾ' ಎಂಬ ಹಡಗು ಸುಮಾರು 150 ಮಂದಿಯನ್ನು ಹೊತ್ತು 1865ರ ಜುಲೈ 28ರಂದು ಪೆಟಗೋನಿಯಾದ ತೀರವನ್ನು ಸೇರಿತು.

ಅವರಲ್ಲಿ ಬೇಸಾಯ ಬಲ್ಲವರು ಕೆಲವರೇ. ಮಳೆಯನ್ನು ನಂಬಿ ಬಿತ್ತಿದ ಪೈರು ಒಣಗಿ, ಹಸಿವು ಕಾಡತೊಡಗಿತು. ಆಗ ಅವರಿಗೆ ನೆರವಾದವರು ಆ ನೆಲದ ಮೂಲನಿವಾಸಿಗಳಾದ ತೆವೆಲ್ಚೆ ಜನರು. ಅವರು ರೊಟ್ಟಿಗೆ ಬದಲಾಗಿ ಮಾಂಸವನ್ನು ಕೊಟ್ಟರು, ಬೇಟೆಯನ್ನೂ ಕಲಿಸಿದರು.

1867ರಲ್ಲಿ ವಲಸೆಗಾರರ ಭಾಗ್ಯದ ಬಾಗಿಲು ತೆರೆಯಿತು. ಆರನ್ ಜೆಂಕಿನ್ಸ್ ಎಂಬ ರೈತನ ಪತ್ನಿ ರೇಚಲ್, ತುಂಬಿ ಹರಿಯುವ ನದಿಯ ಮಟ್ಟ ಹೊಲಕ್ಕಿಂತ ಎತ್ತರದಲ್ಲಿರುವುದನ್ನು ಗಮನಿಸಿದಳೆಂದೂ, ದಡವನ್ನು ಕಡಿದು ನೀರು ಹಾಯಿಸಲು ಸೂಚಿಸಿದಳೆಂದೂ ಹೇಳುತ್ತಾರೆ. ಒಣಗುತ್ತಿದ್ದ ಗೋಧಿ ಚಿಗುರಿತು. ಮುಂದೆ ಎಲ್ಲರೂ ಕೂಡಿ ಕಾಲುವೆಗಳನ್ನು ತೋಡಿದರು. 1874ರಲ್ಲಿ ಗೈಮನ್ ತಲೆಯೆತ್ತಿತು. 1885ರಲ್ಲಿ ರೈತರು ಸಹಕಾರಿ ವ್ಯಾಪಾರ ಸಂಸ್ಥೆಯನ್ನು ಸ್ಥಾಪಿಸಿದರು. 1899ರ ಮಹಾಪೂರ ಮನೆ, ಹೊಲಗಳನ್ನು ಕೊಚ್ಚಿಕೊಂಡು ಹೋದರೂ ಜನರು ಊರನ್ನು ಮತ್ತೆ ಕಟ್ಟಿದರು.

ಇಂದು ಊರಿನ ವ್ಯವಹಾರದ ಭಾಷೆ ಸ್ಪ್ಯಾನಿಷ್. ಆದರೂ ವೇಲ್ಸ್ ನುಡಿಯನ್ನು ಶಾಲೆಯಲ್ಲಿ ಕಲಿಸುತ್ತಾರೆ. ಕಾವ್ಯ, ಗಾಯನಗಳ ಸ್ಪರ್ಧೆ ನಡೆಯುವ 'ಐಸ್ಟೆದ್ವೋದ್' ಉತ್ಸವವೂ ಕಣಿವೆಯಲ್ಲಿ ಉಳಿದುಬಂದಿದೆ.

ತೆವೆಲ್ಚೆ ಜನರ ಪಾಡು ಬೇರೆಯಾಯಿತು. 1878ರಿಂದ 1885ರವರೆಗೆ ಅರ್ಜೆಂಟೀನಾದ ಸೈನ್ಯ ಮೂಲನಿವಾಸಿಗಳ ಮೇಲೆ ದಂಡೆತ್ತಿ ಹೋಗಿ ಅವರ ನೆಲವನ್ನು ವಶಪಡಿಸಿಕೊಂಡಿತು. ವಲಸೆಗಾರರು ತಮ್ಮ ನೆರೆಯವರ ಪರವಾಗಿ ಸಲ್ಲಿಸಿದ ಮನವಿ ಫಲಿಸಲಿಲ್ಲ. ತೆವೆಲ್ಚೆ ನುಡಿಯನ್ನು ಸರಾಗವಾಗಿ ಆಡಬಲ್ಲ ಕೊನೆಯವರು 2019ರಲ್ಲಿ ತೀರಿಕೊಂಡರು. ತಮ್ಮ ಭಾಷೆಯನ್ನು ಉಳಿಸಿಕೊಳ್ಳಲು ಬಂದವರ ಊರಿಗೆ ಇರುವ ಹೆಸರು ಮಾತ್ರ ಆ ನುಡಿಯದೇ. ಗೈಮನ್ ಎಂದರೆ ತೆವೆಲ್ಚೆ ಭಾಷೆಯಲ್ಲಿ ಕಲ್ಲಿನ ಮೊನೆ ಎಂದು ಅರ್ಥ.